ಸಂಪ್‌ನಲ್ಲಿ ಅಕ್ರಿಲಿಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಕ್ವೇರಿಯಂ ಸ್ಟ್ಯಾಂಡಿನ ಕೆಳಗೆ ಕೂತು ನೀರು ಸೋಸುವ ತೊಟ್ಟಿ, ಅಂದರೆ ಸಂಪ್ ಬಗ್ಗೆ ಮುಂಬಯಿ, ಪುಣೆ, ಗೋವಾದ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಹಲಗೆ ಅಕ್ರಿಲಿಕ್ ಸುತ್ತಲೇ ಇವೆ. ಮೇಲಿನ ತೊಟ್ಟಿಯ ನೀರು ಪೈಪಿನಲ್ಲಿಳಿದು ಸಂಪ್‌ನ ಒಂದು ತುದಿಗೆ ಬೀಳುತ್ತದೆ, ಸ್ಪಂಜು ಮತ್ತು ಸೆರಾಮಿಕ್ ರಿಂಗುಗಳನ್ನು ದಾಟಿ ಇನ್ನೊಂದು ತುದಿಯ ಪಂಪಿನಿಂದ ಮತ್ತೆ ಮೇಲೇರುತ್ತದೆ. ನಡುವೆ ಮಟ್ಟ ಕಾಯುವುದಕ್ಕೆ, ಗುಳ್ಳೆ ತಡೆಯುವುದಕ್ಕೆ ನಿಲ್ಲಿಸುವ ಅಡ್ಡಹಲಗೆಯೇ ಬ್ಯಾಫಲ್. ಪತ್ರಗಳನ್ನು ಚಿಕ್ಕದು ಮಾಡಿ ಕೊಟ್ಟಿದ್ದೇವೆ.

ಪ್ರಶ್ನೆ: ಮನೆಯಲ್ಲಿ ಎರಡೂವರೆ ಅಡಿಯ ಹಳೆಯ ಗಾಜಿನ ತೊಟ್ಟಿ ಇದೆ. ಒಳಅಳತೆ 74 ಸೆಂ.ಮೀ. ಉದ್ದ, 34 ಸೆಂ.ಮೀ. ಅಗಲ, 38 ಸೆಂ.ಮೀ. ಎತ್ತರ. ಅದನ್ನೇ ಸಂಪ್ ಮಾಡುವ ಯೋಚನೆ. ನೇಮ್‌ಬೋರ್ಡ್ ಮಾಡುವ ಅಂಗಡಿಯಲ್ಲಿ 3 ಮಿ.ಮೀ. ಅಕ್ರಿಲಿಕ್ ತುಂಡುಗಳು ಅಗ್ಗಕ್ಕೆ ಸಿಗುತ್ತವೆ. ಬ್ಯಾಫಲ್ ಅಳತೆಗೆ ಕತ್ತರಿಸಿ ಸಿಲಿಕೋನ್‌ನಿಂದ ಅಂಟಿಸಿದರೆ ನಿಲ್ಲುತ್ತದೆಯೇ?
— ಡೊಂಬಿವಲಿ ಪೂರ್ವ

ಉತ್ತರ: ಅಕ್ರಿಲಿಕ್ ಬ್ಯಾಫಲ್ ಮಾಡಬಹುದು. ಆದರೆ 3 ಮಿ.ಮೀ. ಬೇಡ, ಬರೀ ಸಿಲಿಕೋನ್ ನಂಬಿಕೊಂಡೂ ಬೇಡ.

ಸಿಲಿಕೋನ್ ಗಾಜನ್ನು ಹಿಡಿದಂತೆ ಅಕ್ರಿಲಿಕ್ಕನ್ನು ಹಿಡಿಯುವುದಿಲ್ಲ. ಗಾಜಿನ ಮೇಲ್ಮೈಯೊಂದಿಗೆ ಅದಕ್ಕೆ ರಾಸಾಯನಿಕ ಬೆಸುಗೆಯೇ ಆಗುತ್ತದೆ. ಅಕ್ರಿಲಿಕ್ ಮೇಲೆ ಸುಮ್ಮನೆ ಕಚ್ಚಿಕೊಂಡು ಕೂರುತ್ತದೆ. ಒಂದು ಗಾಜಿನ ಚೂರು, ಒಂದು ಅಕ್ರಿಲಿಕ್ ಚೂರು ತೆಗೆದುಕೊಂಡು ಎರಡರ ಮೇಲೂ ಒಂದೊಂದು ಗೆರೆ ಸಿಲಿಕೋನ್ ಎಳೆದು ಮೂರು ದಿನ ಬಿಟ್ಟು ಕಿತ್ತು ನೋಡಿ. ಗಾಜಿನದು ಹರಿದು ಚೂರುಚೂರಾಗಿ ಬರುತ್ತದೆ, ಅಕ್ರಿಲಿಕ್‌ನದು ಇಡೀ ಪಟ್ಟಿಯಾಗಿ ಸಲೀಸಾಗಿ ಏಳುತ್ತದೆ.

ಎರಡನೆಯದು ಬಾಗುವ ತೊಂದರೆ. ಗಾಜು ಅಕ್ರಿಲಿಕ್‌ಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬಿಗಿ. ದಪ್ಪ ಅರ್ಧವಾದರೆ ಹಲಗೆ ಎಂಟು ಪಟ್ಟು ಹೆಚ್ಚು ಬಾಗುತ್ತದೆ. ನಿಮ್ಮ 34 ಸೆಂ.ಮೀ. ಅಗಲದ ಬ್ಯಾಫಲ್‌ನ ಒಂದು ಕಡೆ 24 ಸೆಂ.ಮೀ. ನೀರು ನಿಂತು ಇನ್ನೊಂದು ಕಡೆ ಖಾಲಿ ಇದ್ದರೆ ಅದರ ಮೇಲೆ ಬೀಳುವ ಒತ್ತಡ ಹತ್ತಿರಹತ್ತಿರ 10 ಕೆ.ಜಿ. ತೂಕದಷ್ಟು. ದಿನನಿತ್ಯ ಎರಡೂ ಕಡೆ ನೀರಿರುತ್ತದೆ ನಿಜ. ಆದರೆ ಮೊದಲ ಸಲ ತುಂಬುವಾಗ, ಒಂದು ಕೋಣೆ ಖಾಲಿಮಾಡಿ ತೊಳೆಯುವಾಗ ಈ ಪೂರ್ತಿ ಭಾರ ಒಂದೇ ಕಡೆಯಿಂದ ಬರುತ್ತದೆ. ಆಗ 6 ಮಿ.ಮೀ. ಹಲಗೆ ಎರಡು ಮೂರು ಮಿ.ಮೀ. ಬಾಗಿ ತಡೆದುಕೊಳ್ಳುತ್ತದೆ, 3 ಮಿ.ಮೀ.ನದು ಬಿಲ್ಲಾಗಿ ಜಾಗ ಬಿಟ್ಟು ಜಾರುತ್ತದೆ. ಬೋರ್ಡ್ ಅಂಗಡಿಯಲ್ಲೇ 6 ಮಿ.ಮೀ. ತುಂಡು ಕೇಳಿ. ಸೂತ್ ಲೆಕ್ಕದಲ್ಲಿ ಮಾತಾಡಿದರೆ ಎರಡು ಸೂತ್ ಎನ್ನಿ. ಒಂದು ಸೂತ್ ಎಂದರೆ ಅಂಗುಲದ ಎಂಟನೇ ಒಂದು ಪಾಲು, 3 ಮಿ.ಮೀ.ಗಿಂತ ತುಸು ಹೆಚ್ಚು.

ಹಲಗೆಯನ್ನು ಹಿಡಿದು ನಿಲ್ಲಿಸುವ ಕೆಲಸ ಗಾಜಿಗೇ ಬಿಡಿ. ಗಾಜಿನ ಅಂಗಡಿಯಲ್ಲಿ 10 ಮಿ.ಮೀ. ದಪ್ಪದ ಸಾದಾ ಗಾಜಿನಿಂದ 20 ಮಿ.ಮೀ. ಅಗಲ, 24 ಸೆಂ.ಮೀ. ಉದ್ದದ ಪಟ್ಟಿಗಳನ್ನು ಕತ್ತರಿಸಿಕೊಂಡು ಅಂಚು ಉಜ್ಜಿಸಿಕೊಳ್ಳಿ. ಟಫನ್ ಮಾಡಿದ (ಕಾಯಿಸಿ ಗಟ್ಟಿಮಾಡಿದ) ಗಾಜು ಕತ್ತರಿಸಲು ಬರುವುದಿಲ್ಲ. 10 ಮಿ.ಮೀ. ಸಿಗದಿದ್ದರೆ 5 ಮಿ.ಮೀ.ನ ಎರಡು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದರೂ ಆಯಿತು. ಒಂದು ಬ್ಯಾಫಲ್‌ಗೆ ನಾಲ್ಕು ಪಟ್ಟಿ: ಎದುರುಬದುರು ಗೋಡೆಗಳಲ್ಲಿ ಎರಡೆರಡು, ನಡುವೆ 8 ಮಿ.ಮೀ. ಸಂದು. ಪಟ್ಟಿಯ 20 ಮಿ.ಮೀ. ಅಗಲದ ಮುಖ ಗೋಡೆಗೆ ಕೂರಬೇಕು, ಸಂದಿನ ಆಳ 10 ಮಿ.ಮೀ. ಬರಬೇಕು. ತಳದಲ್ಲಿ, ನೀರು ಹೋಗುವ ದಿಕ್ಕಿನ ಕಡೆ ಮಾತ್ರ, ಇನ್ನೊಂದು ಪಟ್ಟಿ ಅಡ್ಡಕ್ಕೆ. ಇದೆಲ್ಲ ಗಾಜಿಗೆ ಗಾಜು. ವಿನೆಗರ್ ವಾಸನೆಯ ಸಾಮಾನ್ಯ ಸಿಲಿಕೋನ್ ಸಾಕು. ಬಾತ್‌ರೂಮಿಗೆಂದು ಮಾರುವ, ಬೂಷ್ಟು ತಡೆಯುವ ಔಷಧ ಬೆರೆಸಿದ ಸಿಲಿಕೋನ್ ಮಾತ್ರ ಯಾವ ಕಾರಣಕ್ಕೂ ಬೇಡ, ಮೀನಿಗೆ ಅಪಾಯ. ಅಂಟಿಸುವ ಮೊದಲು ಗಾಜನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಆ ಬಟ್ಟೆ ಅಕ್ರಿಲಿಕ್ಕಿಗೆ ತಾಗಬಾರದು. ಕತ್ತರಿಸಿದ ಅಂಚುಗಳಲ್ಲಿ ಕೂದಲೆಳೆಯಂಥ ಬಿರುಕು ಏಳುತ್ತದೆ.

ಪಟ್ಟಿಗಳು ಒಂದು ದಿನ ಒಣಗಲಿ. ಹಲಗೆಯ ಅಗಲ 340 ಅಲ್ಲ, 334 ಮಿ.ಮೀ. ಇರಬೇಕು, ಅಂದರೆ ಪ್ರತಿ ಪಕ್ಕಕ್ಕೂ 3 ಮಿ.ಮೀ. ಬಿಡುವು. ಏಕೆಂಬುದು ಮುಂದಿನ ಉತ್ತರದಲ್ಲಿದೆ. ಹಲಗೆಯನ್ನು ಸಂದಿನೊಳಗೆ ಇಳಿಸಿ, ಕೆಳಗೆ 2 ಮಿ.ಮೀ. ದಪ್ಪದ ಚೂರುಗಳ ಮೇಲೆ ಕೂರಿಸಿ, ಸುತ್ತಲಿನ ಬಿಡುವಿಗೆ ಸಿಲಿಕೋನ್ ತುಂಬಿ. ಇಲ್ಲಿ ಸಿಲಿಕೋನ್ ಅಂಟಲ್ಲ, ವಾಷರ್ ಇದ್ದಂತೆ. ಅದು ಅಕ್ರಿಲಿಕ್‌ನಿಂದ ಎದ್ದರೂ ಹಲಗೆ ಸಂದು ಬಿಟ್ಟು ಹೋಗುವುದಿಲ್ಲ. ಎರಡು ದಿನ ಬಿಟ್ಟು, ವಿನೆಗರ್ ವಾಸನೆ ಪೂರ್ತಿ ಹೋದಮೇಲೆ ನೀರು ತುಂಬಿ.

ಬ್ಯಾಫಲ್ ಪಕ್ಕದಲ್ಲಿ ಸ್ವಲ್ಪ ನೀರು ಸೋರಿದರೆ ಗಾಬರಿ ಬೇಡ. ಹೇಗಿದ್ದರೂ ಅದೇ ದಿಕ್ಕಿಗೆ ಹೋಗಬೇಕಾದ ನೀರು ಅದು. ಕೆಳಗಿನಿಂದ ನೀರು ಬಿಡುವ ನಡುವಿನ ಬ್ಯಾಫಲ್‌ಗಂತೂ ಸಿಲಿಕೋನ್ ಬೇಕಾಗಿಯೇ ಇಲ್ಲ. ಸಂದಿನಲ್ಲಿ ಸಡಿಲವಾಗಿ ಇಟ್ಟರೆ ತೊಳೆಯುವಾಗ ಎತ್ತಿ ತೆಗೆಯಬಹುದು. ಸಂಪ್‌ನಲ್ಲಿ ಅಕ್ರಿಲಿಕ್ ಹಾಕುವುದರ ದೊಡ್ಡ ಅನುಕೂಲ ಇದೇ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: 6 ಮಿ.ಮೀ. ಅಕ್ರಿಲಿಕ್ ಬ್ಯಾಫಲ್‌ಗಳನ್ನು ಗಾಜಿನ ತೊಟ್ಟಿಯ ಒಳಅಗಲಕ್ಕೆ ಸರಿಯಾಗಿ, ಬಿಗಿಯಾಗಿ ಕೂರಿಸಿ ಸಿಲಿಕೋನ್ ಹಾಕಿದ್ದೆವು. ಎರಡು ತಿಂಗಳು ಏನೂ ಆಗಲಿಲ್ಲ. ಈಗ ಮುಂದಿನ ಗಾಜಿನ ಕೆಳಮೂಲೆಯಲ್ಲಿ ತೊಟ್ಟಿಕ್ಕುತ್ತಿದೆ. ಹೊರಗಿನಿಂದ ಸಿಲಿಕೋನ್ ಬಳಿದರೂ ನಿಲ್ಲುತ್ತಿಲ್ಲ.
— ಘಾಟ್‌ಕೋಪರ್

ಉತ್ತರ: ಹಲಗೆ ಬೆಳೆದಿದೆ. ಅಕ್ರಿಲಿಕ್ ನೀರು ಹೀರುತ್ತದೆ. ಪೂರ್ತಿ ನೆನೆಯುವ ಹೊತ್ತಿಗೆ ತನ್ನ ತೂಕದ ಶೇ. 2ರ ಆಸುಪಾಸು ನೀರು ಅದರೊಳಗಿರುತ್ತದೆ, 30 ಸೆಂ.ಮೀ. ಹಲಗೆ ಸುಮಾರು 1 ಮಿ.ಮೀ. ಉದ್ದವಾಗುತ್ತದೆ. 6 ಮಿ.ಮೀ. ದಪ್ಪಕ್ಕೆ ಇದು ಒಂದೆರಡು ದಿನದಲ್ಲಿ ಆಗುವುದಲ್ಲ, ತಿಂಗಳುಗಟ್ಟಲೆ ನಡೆಯುತ್ತದೆ. ಎರಡು ತಿಂಗಳು ಏನೂ ಕಾಣದಿದ್ದದ್ದು ಅದಕ್ಕೇ. ಇದರ ಮೇಲೆ ಶಾಖದ ಹಿಗ್ಗುವಿಕೆ ಬೇರೆ: ಗಾಜಿಗಿಂತ ಅಕ್ರಿಲಿಕ್ ಏಳೆಂಟು ಪಟ್ಟು ಹೆಚ್ಚು ಹಿಗ್ಗುತ್ತದೆ, 15 ಡಿಗ್ರಿ ಏರಿದರೆ 30 ಸೆಂ.ಮೀ.ಗೆ 0.3 ಮಿ.ಮೀ. ಬಿಡುವಿಲ್ಲದೆ ಕೂತ ಹಲಗೆ ಎರಡೂ ಗಾಜುಗಳನ್ನು ಜ್ಯಾಕ್ ಹಾಕಿದಂತೆ ಹೊರಕ್ಕೆ ತಳ್ಳುತ್ತದೆ. ಗಾಜು ಒಡೆಯದೆ ಸಿಲಿಕೋನ್ ಜೋಡಣೆ ಮಾತ್ರ ಬಿಟ್ಟುಕೊಂಡಿದ್ದರೆ ನೀವು ಅಗ್ಗದಲ್ಲಿ ಪಾರಾಗಿದ್ದೀರಿ.

ಹೊರಗಿನಿಂದ ಬಳಿಯುವುದು ವ್ಯರ್ಥ. ಒಳಗಿನ ನೀರಿನ ಒತ್ತಡ ಆ ಪದರವನ್ನು ತಳ್ಳಿ ಎಬ್ಬಿಸುತ್ತದೆ. ಹಳೆಯ ಸಿಲಿಕೋನ್ ಮೇಲೆ ಹೊಸದು ಹಿಡಿಯುವುದೂ ಇಲ್ಲ. ತೊಟ್ಟಿ ಖಾಲಿ ಮಾಡಿ ಬ್ಯಾಫಲ್ ಎಲ್ಲ ಹೊರತೆಗೆಯಿರಿ. ಸೋರುವ ಮೂಲೆಯಷ್ಟೇ ಅಲ್ಲ, ಒಳಅಂಚಿನ ಸಿಲಿಕೋನ್ ಪೂರ್ತಿ ಬ್ಲೇಡಿನಿಂದ ಕೆರೆದು, ಆಲ್ಕೋಹಾಲ್‌ನಿಂದ ಒರೆಸಿ, ಒಂದೇ ದಿನದಲ್ಲಿ ಸುತ್ತಲೂ ಹೊಸದಾಗಿ ಎಳೆಯಿರಿ. ಗಾಜು ಗಾಜಿನ ನಡುವಿನ ಜೋಡಣೆಯಲ್ಲೇ ಬಿಳಿಚಿದ ಗೆರೆಯೋ ಗಾಳಿಯ ಪೊರೆಯೋ ಕಂಡರೆ ಆ ಗಾಜನ್ನೇ ಬಿಡಿಸಿ ಮತ್ತೆ ಕೂರಿಸಬೇಕು, ಒಳಅಂಚಿನ ದುರಸ್ತಿ ಸಾಲದು. ಬ್ಯಾಫಲ್‌ಗಳ ಅಗಲ 6 ಮಿ.ಮೀ. ಕಡಿಮೆ ಮಾಡಿ, ಮೇಲೆ ಹೇಳಿದ ಹಾಗೆ ಗಾಜಿನ ಪಟ್ಟಿಗಳ ನಡುವೆ ಇಳಿಸಿ. ಅವು ಈಗಾಗಲೇ ನೆನೆದು ಬೆಳೆದಿವೆ, ಇನ್ನು ಬೆಳೆಯಲಾರವು ಎಂದುಕೊಳ್ಳಬೇಡಿ. ಬೇಸಿಗೆಯ ಶಾಖಕ್ಕೆ ಜಾಗ ಬೇಕೇ ಬೇಕು.

ಪ್ರಶ್ನೆ: ಗಾಜೇ ಇಲ್ಲದೆ ಪೂರ್ತಿ ಅಕ್ರಿಲಿಕ್‌ನಲ್ಲಿ 60 × 30 × 35 ಸೆಂ.ಮೀ. ಸಂಪ್ ಕಟ್ಟಬೇಕೆಂದಿದ್ದೇವೆ. ಎಷ್ಟು ದಪ್ಪ? ಯಾವ ಶೀಟ್? ಜುಲೈಯಲ್ಲಿ ಕ್ಲೋರೋಫಾರ್ಮ್ ಹಾಕಿ ಅಂಟಿಸಿದ ಮಾದರಿ ತುಂಡುಗಳಲ್ಲಿ ಜೋಡಣೆ ಬೆಳ್ಳಗಾಯಿತು, ನಡುವೆ ಗುಳ್ಳೆಗಳು ನಿಂತವು.
— ಕೋಥ್ರೂಡ್, ಪುಣೆ

ಉತ್ತರ: ಮೊದಲು ಬಿಳಿಚಿದ್ದರ ಕಾರಣ. ಅಕ್ರಿಲಿಕ್ಕನ್ನು ಕರಗಿಸಿ ಬೆಸೆಯುವ ದ್ರಾವಕಗಳಾದ ಕ್ಲೋರೋಫಾರ್ಮ್ ಆಗಲಿ ಡೈಕ್ಲೋರೋಮೀಥೇನ್ ಆಗಲಿ ಬಲು ಬೇಗ ಆವಿಯಾಗುತ್ತವೆ, ಆವಿಯಾಗುವಾಗ ತಾಗಿದ ಜಾಗವನ್ನು ತಣ್ಣಗೆ ಮಾಡುತ್ತವೆ. ಮಳೆಗಾಲದ ತೇವದ ಗಾಳಿ ಆ ತಣ್ಣನೆಯ ಅಂಚಿನ ಮೇಲೆ ನೀರಾಗಿ ಕೂತು ಬೆಸುಗೆಯೊಳಗೇ ಸೇರುತ್ತದೆ. ಅದೇ ಆ ಬಿಳುಪು. ಅಂಥ ಜೋಡಣೆಗೆ ಬಲ ಕಡಿಮೆ. ಕೊಂಕಣ ಕರಾವಳಿಯಿಂದ ಪುಣೆಯವರೆಗೆ ಜೂನ್‌ನಿಂದ ಸೆಪ್ಟೆಂಬರ್ ಕೊನೆವರೆಗೂ ಹೊರಗೋಡೆಯ ಬೆಸುಗೆ ಮಾಡದಿರುವುದೇ ಒಳ್ಳೆಯದು. ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣಹವೆಯ ನಡುಹಗಲು ಇದಕ್ಕೆ ತಕ್ಕ ಹೊತ್ತು.

ಗುಳ್ಳೆಗೆ ಕಾರಣ ಅಂಚು. ಎರಡು ತುಂಡುಗಳು ಒಂದರ ಮೇಲೊಂದು ನಿಂತಾಗ ಬೆಳಕು ಹಾಯದಷ್ಟು ಸಮ ಇರಬೇಕು. ಕೈಗರಗಸದಿಂದ ಕೊಯ್ದ ಅಂಚು ಎಷ್ಟು ಉಜ್ಜಿದರೂ ಆ ಹದಕ್ಕೆ ಬರುವುದು ಕಷ್ಟ. ಲೇಸರ್‌ನಲ್ಲಿ ಕತ್ತರಿಸಿದ ಅಂಚು ನೋಡಲು ಹೊಳಪು, ಆದರೆ ಶಾಖದಿಂದ ಒಳಗೆ ಬಿಗಿತ ಉಳಿದಿರುತ್ತದೆ; ಕ್ಲೋರೋಫಾರ್ಮ್ ತಾಗಿದ ಕೂಡಲೇ ಸಣ್ಣ ಬಿರುಕುಗಳಾಗಿ ಒಡೆಯುತ್ತದೆ. ಹೊಳಪಿಗೆಂದು ಜ್ವಾಲೆ ಹಾಯಿಸಿದ ಅಂಚಿನ ಕಥೆಯೂ ಅದೇ. ಬೆಸುಗೆಗೆ ರೌಟರ್ (ಅಂಚು ಕೊರೆಯುವ ಯಂತ್ರ) ಅಥವಾ ಟೇಬಲ್ ಗರಗಸದ ಅಂಚು ಬೇಕು. ಅದರ ಮೇಲೆ ಚೂಪಾದ ಲೋಹದ ಪಟ್ಟಿಯನ್ನು ನೆಟ್ಟಗೆ ಹಿಡಿದು ಎರಡು ಮೂರು ಸಲ ಎಳೆದರೆ ಗರಗಸದ ಗೀರು ಹೋಗುತ್ತದೆ. ಮೂಲೆಗಳನ್ನು ಉರುಟು ಮಾಡಬಾರದು.

ಶೀಟಿನಲ್ಲಿ ಎರಡು ಜಾತಿ: ಅಚ್ಚಿಗೆ ಸುರಿದು ಮಾಡಿದ ಕಾಸ್ಟ್, ಯಂತ್ರದಿಂದ ಒತ್ತಿ ತೆಗೆದ ಎಕ್ಸ್‌ಟ್ರೂಡೆಡ್. ನಿಮಗೆ ಬೇಕಾದದ್ದು ಕಾಸ್ಟ್. ದ್ರಾವಕಕ್ಕೆ ಅದು ಬೇಗ ಬಿರಿಯುವುದಿಲ್ಲ. ಅಂಗಡಿಯವರ ಮಾತಿನಲ್ಲಿ ಅನುಮಾನ ಬಂದರೆ ಚೂರನ್ನು ಗರಗಸದಲ್ಲಿ ಕೊಯ್ದು ನೋಡಿ: ಕಾಸ್ಟ್ ಒಣಪುಡಿ ಉದುರಿಸುತ್ತದೆ, ಎಕ್ಸ್‌ಟ್ರೂಡೆಡ್ ಕರಗಿ ಬ್ಲೇಡಿಗೆ ಮೆತ್ತಿಕೊಳ್ಳುತ್ತದೆ.

ನಿಮ್ಮ ಅಳತೆಗೆ 8 ಮಿ.ಮೀ. ಸಾಕು, ಮೇಲೆ ಚೌಕಟ್ಟು ಇರುವುದಾದರೆ. ತಳ 600 × 300 ಮಿ.ಮೀ.; ಅದರ ಮೇಲೆ ನಿಲ್ಲುವ ಉದ್ದಗೋಡೆಗಳು ಎರಡು, 600 × 334; ಅವುಗಳ ನಡುವೆ ಕೂರುವ ಅಡ್ಡಗೋಡೆಗಳು ಎರಡು, 284 × 334; ಮೇಲಿನ ಚೌಕಟ್ಟು 600 × 300, ನಡುವೆ 480 × 180 ಕಿಂಡಿ, ಅಂದರೆ ಸುತ್ತಲೂ 60 ಮಿ.ಮೀ. ಪಟ್ಟಿ ಉಳಿಯುತ್ತದೆ. ಚೌಕಟ್ಟನ್ನು ನಾಲ್ಕು ಪಟ್ಟಿಗಳಾಗಿ ಅಂಟಿಸದೆ ಒಂದೇ ಹಲಗೆಯಲ್ಲಿ ಕಿಂಡಿ ಕೊರೆಸಿ. ಕಿಂಡಿಯ ನಾಲ್ಕು ಮೂಲೆಗಳು ದುಂಡಗಿರಲಿ, ಚೌಕ ಮೂಲೆ ಮುಂದೊಂದು ದಿನ ಅಲ್ಲಿಂದಲೇ ಸೀಳುತ್ತದೆ. ಎಲ್ಲ ಸೇರಿ ಒಂದು ಚದರ ಮೀಟರಿಗೆ ತುಸು ಕಡಿಮೆ ಶೀಟ್, ಮುಗಿದ ಸಂಪ್‌ನ ತೂಕ ಸುಮಾರು 8 ಕೆ.ಜಿ. ಚೌಕಟ್ಟಿಲ್ಲದೆ 6 ಮಿ.ಮೀ.ನಲ್ಲಿ ಕಟ್ಟಿದರೆ ಉದ್ದಗೋಡೆ ಹೊಟ್ಟೆ ಬಿಡುತ್ತದೆ. ಅಕ್ರಿಲಿಕ್ ಸದಾ ಭಾರ ಹೊತ್ತಿದ್ದರೆ ನಿಧಾನವಾಗಿ ಬಾಗುತ್ತಲೇ ಹೋಗುವ ವಸ್ತು. ಮೊದಲ ವಾರದಲ್ಲಿ ಕಂಡ ಹೊಟ್ಟೆ ವರ್ಷದ ಹೊತ್ತಿಗೆ ಇನ್ನೂ ದೊಡ್ಡದಾಗುತ್ತದೆ.

ಬೆಸುಗೆಯ ಕ್ರಮ ಹೀಗೆ. ರಕ್ಷಣೆಯ ಕಾಗದವನ್ನು ಅಂಚಿನಿಂದ ಎರಡು ಬೆರಳಷ್ಟು ಮಾತ್ರ ಸುಲಿಯಿರಿ. ತುಂಡನ್ನು ತಳದ ಮೇಲೆ ನೆಟ್ಟಗೆ ನಿಲ್ಲಿಸಿ, ಮೂಲೆಮಟ್ಟ ಹಿಡಿದು, ಜೋಡಣೆಯ ಉದ್ದಕ್ಕೂ ಅಂಗೈ ಅಗಲಕ್ಕೊಂದರಂತೆ 0.2–0.3 ಮಿ.ಮೀ. ತಂತಿಯ ಚೂರುಗಳನ್ನು ಅಡಿಗೆ ಸೇರಿಸಿ. ಸೂಜಿಯ ಬಾಟಲಿಯಿಂದ ದ್ರಾವಕವನ್ನು ಒಳಪಕ್ಕದಿಂದ ಒಂದೇ ಓಟದಲ್ಲಿ ಬಿಡಿ. ಅದು ತಾನೇ ಸಂದಿನೊಳಗೆ ಹರಿಯುತ್ತದೆ. ಅರ್ಧ ನಿಮಿಷ ತಡೆದು, ಎರಡೂ ಮುಖ ಮೆತ್ತಗಾದ ಮೇಲೆ, ತಂತಿಗಳನ್ನು ಒಂದೊಂದಾಗಿ ಎಳೆದು ತುಂಡು ತನ್ನ ಭಾರದಿಂದಲೇ ಕೂರಲು ಬಿಡಿ. ಮೇಲಿಂದ ಒತ್ತಿದರೆ ಮೆತ್ತಗಾದ ಪದರ ಹೊರಗೆ ಬಂದು ಜೋಡಣೆ ಬಡವಾಗುತ್ತದೆ. ಒಂದು ದಿನ ಕದಲಿಸಬೇಡಿ, ನಾಲ್ಕು ದಿನ ನೀರು ಬೇಡ. ಆಮೇಲೆ ಬಾಲ್ಕನಿಯಲ್ಲಿಟ್ಟು ತುಂಬಿ, ಮೂರು ದಿನ ನೋಡಿ. ಆ ನೀರನ್ನು ಚೆಲ್ಲಿ ಎರಡು ಸಲ ತೊಳೆದ ಮೇಲೆಯೇ ಮೀನಿನ ತೊಟ್ಟಿಗೆ ಜೋಡಿಸಿ. ಅಕ್ರಿಲಿಕ್ ಪುಡಿಯನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದ ಗೋಂದನ್ನು ಒಳಗಿನ ಬ್ಯಾಫಲ್‌ಗೆ ಬಳಸಬಹುದು. ನೀರಿನ ಭಾರ ಹೊರುವ ಹೊರಗೋಡೆಗೆ ಅದರ ಮೇಲೆ ಭರವಸೆ ಇಡಬೇಡಿ.

ಈ ಆವಿ ದೇಹಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ತೆಳುವಾದ ನೈಟ್ರೈಲ್ ಕೈಗವಸಿನೊಳಗೆ ನಿಮಿಷಗಳಲ್ಲಿ ಇಳಿಯುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ, ಗ್ಯಾಸ್ ಒಲೆ ಉರಿಯುವಲ್ಲಿ, ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಬೇಡ. ಹೊರಗೋಡೆಗಳನ್ನು ಅಕ್ರಿಲಿಕ್ ಕೆಲಸದವರಿಂದಲೇ ಬೆಸೆಸಿಕೊಂಡು ಒಳಗಿನ ಬ್ಯಾಫಲ್‌ಗಳನ್ನು ನೀವು ಇಳಿಸುವುದು ನಮಗೆ ಸರಿ ಕಾಣುತ್ತದೆ. ಮೇಲಿನ ಅಳತೆಯ ಚೀಟಿ ಕೈಗೆ ಕೊಟ್ಟು, ಕಾಸ್ಟ್ ಶೀಟ್, ರೌಟರ್ ಅಂಚು ಎಂದು ಬಿಡಿಸಿ ಹೇಳಿ.

ಪುಣೆಯ ಚಳಿಗಾಲಕ್ಕೆ ಹೀಟರ್ ಹಾಕುತ್ತೀರಾದರೆ ಅದು ಅಕ್ರಿಲಿಕ್ ಗೋಡೆಯಿಂದ ನಾಲ್ಕೈದು ಸೆಂ.ಮೀ. ದೂರ, ಮಟ್ಟ ಯಾವತ್ತೂ ಇಳಿಯದ ಮೊದಲ ಕೋಣೆಯಲ್ಲಿ ಇರಲಿ. ಪಂಪ್ ಇರುವ ಕೊನೆಯ ಕೋಣೆಯಲ್ಲಿ ನೀರು ಇಳಿದು ಹೀಟರ್ ಬರಿದಾದರೆ ಅಕ್ರಿಲಿಕ್ ಮೆತ್ತಗಾಗಿ ತೂತಾಗುತ್ತದೆ.

ಪ್ರಶ್ನೆ: ಮೂರು ಬ್ಯಾಫಲ್ ಇಟ್ಟರೂ ಮೇಲಿನ ತೊಟ್ಟಿಯ ತುಂಬ ಸಣ್ಣ ಗುಳ್ಳೆ. ಸಂಪ್ ಒಳಅಗಲ 28 ಸೆಂ.ಮೀ., ಬ್ಯಾಫಲ್‌ಗಳ ನಡುವೆ 2 ಸೆಂ.ಮೀ. ಬಿಟ್ಟಿದೆ. ಪಂಪ್ ಪೆಟ್ಟಿಗೆಯ ಮೇಲೆ ಗಂಟೆಗೆ 3000 ಲೀಟರ್ ಎಂದಿದೆ.
— ಮಾಟುಂಗಾ

ಉತ್ತರ: ಪೆಟ್ಟಿಗೆಯ ಮೇಲಿನ ಅಂಕಿ ನೀರನ್ನು ಮೇಲೆತ್ತದೇ ಇದ್ದಾಗಿನದು. ಮೇಲಿನ ತೊಟ್ಟಿಗೆ ಬೀಳುವ ಪೈಪನ್ನು 10 ಲೀಟರ್ ಬಕೆಟಿಗೆ ಹಿಡಿದು ಗಡಿಯಾರ ನೋಡಿ. 18 ಸೆಕೆಂಡಿಗೆ ತುಂಬಿದರೆ ಗಂಟೆಗೆ 2000 ಲೀಟರ್. ಅಷ್ಟೇ ಎಂದಿಟ್ಟುಕೊಳ್ಳೋಣ; ಸೆಕೆಂಡಿಗೆ 556 ಮಿ.ಲೀ. ಆಯಿತು. ಬ್ಯಾಫಲ್‌ಗಳ ನಡುವಿನ ಜಾಗ 28 × 2, ಅಂದರೆ 56 ಚದರ ಸೆಂ.ಮೀ. ನೀರು ಅಲ್ಲಿ ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ಕೆಳಕ್ಕೆ ಧಾವಿಸುತ್ತದೆ. ಅರ್ಧ ಮಿ.ಮೀ.ನ ಗುಳ್ಳೆ ಮೇಲೇರುವ ವೇಗ ಅದರ ಅರ್ಧದಷ್ಟು. ಏರುವ ಬದಲು ನೀರಿನ ಜೊತೆ ಕೆಳಗೆ ಎಳೆದುಕೊಂಡು ಹೋಗುತ್ತದೆ. ನಡುವಿನ ಜಾಗವನ್ನು 4 ಸೆಂ.ಮೀ. ಮಾಡಿ, ವೇಗ 5ಕ್ಕೆ ಇಳಿಯುತ್ತದೆ, 5 ಸೆಂ.ಮೀ. ಬಿಟ್ಟರೆ 4ಕ್ಕೆ. ನಡುವಿನ ಬ್ಯಾಫಲ್ ಅಡಿಯ ತೆರವೂ 4 ಸೆಂ.ಮೀ.ಗೆ ಕಡಿಮೆ ಬೇಡ. ಬ್ಯಾಫಲ್ ಸಂಖ್ಯೆ ಹೆಚ್ಚಿಸಿ ಜಾಗ ಇನ್ನೂ ಕಿರಿದು ಮಾಡಿದರೆ ಗುಳ್ಳೆ ಹೆಚ್ಚುತ್ತದೆ.

ಇನ್ನೊಂದನ್ನು ನೋಡಿ. ಕೊನೆಯ ಬ್ಯಾಫಲ್ ದಾಟಿದ ನೀರು ಪಂಪಿನ ಕೋಣೆಗೆ ಹತ್ತು ಹದಿನೈದು ಸೆಂ.ಮೀ. ಎತ್ತರದಿಂದ ಧುಮುಕುತ್ತಿದ್ದರೆ ಅಲ್ಲೇ ಹೊಸ ಗುಳ್ಳೆ ಹುಟ್ಟುತ್ತದೆ. ಪಂಪಿನ ಕೋಣೆಯ ಮಟ್ಟ ಬ್ಯಾಫಲ್ ಅಂಚಿಗಿಂತ ನಾಲ್ಕೈದು ಸೆಂ.ಮೀ. ಮಾತ್ರ ಕೆಳಗಿರುವಂತೆ ನೀರು ತುಂಬುತ್ತಿರಿ. ಇಡೀ ವ್ಯವಸ್ಥೆಯಲ್ಲಿ ಆವಿಯಾದ ನೀರಿನ ಕೊರತೆ ಕಾಣುವುದು ಆ ಒಂದು ಕೋಣೆಯಲ್ಲೇ: 28 × 20 ಸೆಂ.ಮೀ. ಕೋಣೆಯಾದರೆ ಒಂದು ಲೀಟರ್ ಆವಿಯಾದಾಗ ಮಟ್ಟ ಸುಮಾರು 1.8 ಸೆಂ.ಮೀ. ಇಳಿಯುತ್ತದೆ.

ಪ್ರಶ್ನೆ: ಕರೆಂಟ್ ಹೋದಾಗಲೆಲ್ಲ ಸಂಪ್ ತುಂಬಿ ನೆಲಕ್ಕೆ ಚೆಲ್ಲುತ್ತದೆ. ಮೇಲಿನ ತೊಟ್ಟಿ 120 × 45 ಸೆಂ.ಮೀ., ಸಂಪ್ 75 × 35, ಎತ್ತರ 38. ಬ್ಯಾಫಲ್ ಎತ್ತರ 32. ಅಕ್ರಿಲಿಕ್ ಬ್ಯಾಫಲ್ ಬಾಗಿ ಹೀಗಾಗುತ್ತಿದೆಯೇ?
— ಖಾರ್‌ಘರ್

ಉತ್ತರ: ಬಾಗಿದ್ದಕ್ಕಲ್ಲ, ಬ್ಯಾಫಲ್ ಎತ್ತರ ಜಾಸ್ತಿಯಾದದ್ದಕ್ಕೆ. ಪಂಪ್ ನಿಂತಾಗ ಮೇಲಿನ ತೊಟ್ಟಿಯ ನೀರು ಓವರ್‌ಫ್ಲೋ ಅಂಚಿನವರೆಗೆ, ಪಂಪಿನಿಂದ ನೀರು ಮೇಲೇರುವ ರಿಟರ್ನ್ ಪೈಪಿನ ಬಾಯಿ ಮುಳುಗಿದ್ದರೆ ಆ ಬಾಯಿಯವರೆಗೆ ಕೆಳಗಿಳಿಯುತ್ತದೆ. 3 ಸೆಂ.ಮೀ. ಇಳಿದರೂ 120 × 45 × 3, ಅಂದರೆ 16 ಲೀಟರ್. ಪೈಪುಗಳಲ್ಲಿರುವುದು ಸೇರಿ 18 ಎನ್ನಿ. ನಿಮ್ಮ ಸಂಪ್‌ನಲ್ಲಿ 18 ಲೀಟರ್ ಎಂದರೆ 7 ಸೆಂ.ಮೀ. ಏರಿಕೆ. 32ಕ್ಕೆ 7 ಸೇರಿದರೆ 39, ಸಂಪ್ ಇರುವುದೇ 38. ಎಲ್ಲ ಬ್ಯಾಫಲ್‌ಗಳನ್ನು 26 ಸೆಂ.ಮೀ.ಗೆ ಇಳಿಸಿ. ಅಕ್ರಿಲಿಕ್ ಆದದ್ದರಿಂದ ಹೊರತೆಗೆದು ಮೇಲಿನ 6 ಸೆಂ.ಮೀ. ಕೊಯ್ದರೆ ಸಾಕು, ಹೊಸದು ಬೇಡ. ರಿಟರ್ನ್ ಪೈಪಿನ ಬಾಯಿ ನೀರಿನ ಮಟ್ಟದಿಂದ 2 ಸೆಂ.ಮೀ.ಗಿಂತ ಆಳಕ್ಕೆ ಹೋಗದಿರಲಿ. ಮಟ್ಟಕ್ಕೆ ತುಸು ಕೆಳಗೆ ಆ ಪೈಪಿಗೆ 5 ಮಿ.ಮೀ. ರಂಧ್ರ ಕೊರೆಯಿರಿ, ನೀರು ಅಲ್ಲಿಗೆ ಇಳಿದಾಗ ಗಾಳಿ ಸೇರಿ ಹಿಂಸೆಳೆತ ಕಡಿದುಹೋಗುತ್ತದೆ. ರಂಧ್ರಕ್ಕೆ ಪಾಚಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಕಡ್ಡಿ ಆಡಿಸಿ. ಆಮೇಲೆ ಪಂಪಿನ ಪ್ಲಗ್ ತೆಗೆದು, ನೀರು ಇಳಿಯುವುದು ನಿಲ್ಲುವವರೆಗೂ ಎದುರಿಗೇ ಕೂತು ನೋಡಿ, ನಿಂತ ಮಟ್ಟಕ್ಕೆ ಹೊರಗಿನಿಂದ ಗುರುತು ಹಾಕಿ.

ಪ್ರಶ್ನೆ: ಸಮುದ್ರದ ಮೀನಿನ ತೊಟ್ಟಿ. ಸಂಪ್‌ನ ಒಂದು ಕೋಣೆಯಲ್ಲಿ ಪಾಚಿ ಬೆಳೆಸುತ್ತೇವೆ. ಅದು ಪಂಪಿಗೆ ಹೋಗದಂತೆ ಅಕ್ರಿಲಿಕ್ ಬ್ಯಾಫಲ್‌ಗೆ ಹಲ್ಲು ಕೊರೆಸಬೇಕು. ಅಳತೆ ತಿಳಿಸಿ. ಮೇಲೆ ಮುಚ್ಚಿದ 3 ಮಿ.ಮೀ. ಅಕ್ರಿಲಿಕ್ ಮುಚ್ಚಳದ ಅಂಚುಗಳು ಮೇಲಕ್ಕೆ ಎದ್ದಿವೆ.
— ವಾಸ್ಕೊ, ಗೋವಾ

ಉತ್ತರ: ಉಪ್ಪುನೀರು ಅಕ್ರಿಲಿಕ್ಕಿಗೆ ಏನೂ ಮಾಡುವುದಿಲ್ಲ. ಹಲ್ಲು 6 ಮಿ.ಮೀ., ಸೀಳು 6 ಮಿ.ಮೀ., ಆಳ 25 ಮಿ.ಮೀ. ಇರಲಿ. 28 ಸೆಂ.ಮೀ. ಬ್ಯಾಫಲ್‌ನ ಸಾದಾ ಅಂಚಿನ ಮೇಲೆ ಗಂಟೆಗೆ 2000 ಲೀಟರ್ ಹರಿದರೆ ನೀರು ಸುಮಾರು 1 ಸೆಂ.ಮೀ. ಎತ್ತರಕ್ಕೆ ನಿಲ್ಲುತ್ತದೆ, ಹಲ್ಲು ಬಂದು ದಾರಿ ಅರ್ಧವಾದಾಗ 17 ಮಿ.ಮೀ. ಆಗುತ್ತದೆ. 15 ಮಿ.ಮೀ. ಆಳದ ಹಲ್ಲು ಹಾಕಿದರೆ ನೀರು ಹಲ್ಲಿನ ಮೇಲಿಂದಲೇ ಹೋಗಿ ಪಾಚಿಯನ್ನೂ ಒಯ್ಯುತ್ತದೆ. ಇದಕ್ಕೆ ಲೇಸರ್ ಕತ್ತರಿಕೆ ಸರಿ, ಇಲ್ಲಿ ದ್ರಾವಕ ತಾಗುವುದಿಲ್ಲ. ಸೀಳಿನ ತಳ ದುಂಡಗಿರಲಿ.

ಮುಚ್ಚಳದ ಕೆಳಮುಖ ಸದಾ ಒದ್ದೆ, ಮೇಲ್ಮುಖ ಒಣ. ಒದ್ದೆ ಮುಖ ಹಿಗ್ಗಿ ಅಂಚುಗಳು ಏಳುತ್ತವೆ. ತಿರುವಿ ಹಾಕಿದರೆ ವಾರದಲ್ಲಿ ಬಹುಪಾಲು ನೆಟ್ಟಗಾಗುತ್ತದೆ, ಮತ್ತೆ ಏಳುತ್ತದೆ, ಮತ್ತೆ ತಿರುವಬೇಕು. ಬೇಸರವಾದರೆ 4 ಮಿ.ಮೀ. ಗಾಜಿನ ಮುಚ್ಚಳ ಹಾಕಿ; ಮುಚ್ಚಳಕ್ಕೆ ಗಾಜೇ ಮೇಲು. ಸಂಪ್ ಒಳಗೆ ಸ್ಕ್ರೂ ಬೇಕಾದಲ್ಲೆಲ್ಲ ನೈಲಾನಿನದೇ ಬಳಸಿ. ಅಂಗಡಿಯ ಸ್ಟೀಲ್ ಸ್ಕ್ರೂ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಮರೀನ್ ಡ್ರೈವ್‌ನ ತಾರಾಪೋರವಾಲಾ ಮತ್ಸ್ಯಾಲಯದಲ್ಲಿ 2015ರ ನವೀಕರಣದಲ್ಲಿ ಅಕ್ರಿಲಿಕ್ ಸುರಂಗವನ್ನೇ ಮಾಡಿದ್ದರು. ಅಷ್ಟು ನೀರು ತಡೆದ ಅಕ್ರಿಲಿಕ್ ನಮ್ಮ ಸಂಪ್‌ನಲ್ಲಿ ಬಾಗುವುದೇಕೆ?
— ದಾದರ್

ಉತ್ತರ: ದಪ್ಪ ಮತ್ತು ಆಕಾರ. ಸುರಂಗಕ್ಕೆ ಬಳಸುವುದು ದಪ್ಪನೆಯ ಕಾಸ್ಟ್ ಹಲಗೆ, ಅದೂ ಕಮಾನಾಗಿ ಬಗ್ಗಿಸಿದ್ದು. ಕಮಾನು ನೀರಿನ ಭಾರವನ್ನು ಬುಡಕ್ಕೆ ಇಳಿಸುತ್ತದೆ, ಚಪ್ಪಟೆ ಹಲಗೆ ಆ ಭಾರಕ್ಕೆಲ್ಲ ಬಾಗಿಯೇ ಉತ್ತರ ಕೊಡಬೇಕು.

ಪ್ರಶ್ನೆ: ಫೆವಿಕ್ವಿಕ್, ಎಂ-ಸೀಲ್, ಸನ್‌ಬೋರ್ಡ್ ಇವುಗಳಲ್ಲಿ ಯಾವುದು ಆಗುತ್ತದೆ? ಅಕ್ರಿಲಿಕ್ ಮೇಲಿನ ಬಿಳಿ ಕಲೆ ತೆಗೆಯುವುದು ಹೇಗೆ? ನಮ್ಮದು ಬೋರ್‌ವೆಲ್ ನೀರು.
— ಹಡಪ್ಸರ್, ಪುಣೆ

ಉತ್ತರ: ಫೆವಿಕ್ವಿಕ್ ಜಾತಿಯ ಅಂಟು ಅಕ್ರಿಲಿಕ್ ಸುತ್ತ ಬಿಳಿ ಮಂಜು ಹರಡುತ್ತದೆ, ನೀರಿನಲ್ಲಿ ನೆನೆದು ಪೆಡಸಾಗಿ ಬಿಡುತ್ತದೆ, ಬೇಡ. ಎಂ-ಸೀಲ್ ಪೈಪಿನ ಹೊರಗಿನ ಸೋರಿಕೆಗೆ ಸರಿ, ಬ್ಯಾಫಲ್ ಹಿಡಿಸಲು ಅಲ್ಲ. ಸನ್‌ಬೋರ್ಡ್ ಎಂದು ಕೊಡುವ ಪಿವಿಸಿ ಫೋಮ್ ಹಲಗೆ ಅಕ್ರಿಲಿಕ್ಕಿಗಿಂತ ಬೇಗ ಬಾಗುತ್ತದೆ, ಎತ್ತಿ ತೆಗೆಯುವ ಸಣ್ಣ ಬ್ಯಾಫಲ್‌ಗೆ ಮಾತ್ರ ಆದೀತು.

ಬಿಳಿ ಕಲೆ ಗಡಸು ನೀರಿನ ಸುಣ್ಣ. ಹಲಗೆ ಹೊರತೆಗೆದು, ಅಡುಗೆಯ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಅದರಲ್ಲಿ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಹೊದಿಸಿ, ಮೆತ್ತಗಿನ ಸ್ಪಂಜಿನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ ಗೀರು ಹಾಕುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವ, ಥಿನ್ನರ್, ಸ್ಪಿರಿಟ್ ಮೂರೂ ಅಕ್ರಿಲಿಕ್ಕನ್ನು ಬಿರುಕು ಬಿಡಿಸುತ್ತವೆ.